ಯಂತ್ರವು ಲೋಭವನ್ನು ಗೆಲ್ಲಬಲ್ಲುದೇ? ಮಲಪ್ರಭೆಯ ಕಾಲುವೆ ಕಲಿಸುವ ಪಾಠ

೧೫೧೬ನೆಯ ಇಸವಿಯಲ್ಲಿ ಇಂಗ್ಲೆಂಡಿನ ಥಾಮಸ್ ಮೋರ್ ಎಂಬ ವಿದ್ವಾಂಸನು ‘ಯುಟೋಪಿಯ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ವರ್ಣಿತವಾದ ಕಲ್ಪಿತ ದ್ವೀಪದಲ್ಲಿ ಖಾಸಗಿ ಆಸ್ತಿಯಿಲ್ಲ, ಚಿನ್ನಕ್ಕೆ ಬೆಲೆಯಿಲ್ಲ. ದಿನಕ್ಕೆ ಆರು ಗಂಟೆ ದುಡಿದರೆ ಎಲ್ಲರ ಜೀವನವೂ ಸುಖವಾಗಿ ಸಾಗುವುದು. ಗ್ರೀಕ್ ಮೂಲದ ಆ ಹೆಸರಿಗೆ ‘ಎಲ್ಲಿಯೂ ಇಲ್ಲದ ಊರು’ ಎಂದರ್ಥ. ಮೋರನು ಇಂಥ ಸುಖವನ್ನು ಒಳ್ಳೆಯ ಕಾನೂನುಗಳಿಂದ ನಿರೀಕ್ಷಿಸಿದನು. ನಮ್ಮ ಕಾಲದವರು ಅದನ್ನು ಯಂತ್ರಗಳಿಂದ ನಿರೀಕ್ಷಿಸುತ್ತಿದ್ದಾರೆ. ಕೊರತೆಯಿರುವುದರಿಂದಲೇ ಲೋಭ ಹುಟ್ಟುವುದು. ವಿಜ್ಞಾನವು ಎಲ್ಲವನ್ನೂ ಹೇರಳವಾಗಿ ಒದಗಿಸಿದರೆ ಲೋಭವು ತಾನಾಗಿಯೇ ಅಳಿಯುವುದು ಎಂಬುದು ಅವರ ವಾದ.

ವಾದವು ಆಕರ್ಷಕವಾಗಿದೆಯೆಂದ ಮಾತ್ರಕ್ಕೆ ವಿಜ್ಞಾನದ ವಿದ್ಯಾರ್ಥಿಯು ಅದನ್ನು ಒಪ್ಪಲಾರನು. ಪ್ರಯೋಗದ ಫಲವೇನೆಂದು ಕೇಳುವನು. ಅಂತಹ ಒಂದು ದೊಡ್ಡ ಪ್ರಯೋಗವು ನಮ್ಮ ಧಾರವಾಡ ಜಿಲ್ಲೆಯ ಎರೆ ಹೊಲಗಳಲ್ಲಿಯೇ ನಡೆದಿದೆ.

ಎರೆಯ ನಾಡಿಗೆ ನೀರು ಬಂದುದು

ಜಿಲ್ಲೆಯ ಪಶ್ಚಿಮದಲ್ಲಿರುವ ಕಲಘಟಗಿಯು ಮಲೆನಾಡಿನ ಸೆರಗು. ಅಲ್ಲಿ ಭತ್ತ ಬೆಳೆಯುವಷ್ಟು ಮಳೆಯುಂಟು. ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ಕಡೆ ಕಪ್ಪು ಎರೆಭೂಮಿ. ಹತ್ತಿ, ಜೋಳ, ಕಡಲೆ, ಮೆಣಸಿನಕಾಯಿಗಳು ಅಲ್ಲಿಯ ಬೆಳೆಗಳು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ನದಿಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಲಾಯಿತು. ೧೯೭೦ರ ದಶಕದ ಆರಂಭದಲ್ಲಿ ಸಿದ್ಧವಾದ ಈ ಜಲಾಶಯದ ಸಾಮರ್ಥ್ಯವು ಸುಮಾರು ೩೭.೭ ಶತಕೋಟಿ ಘನ ಅಡಿ, ಅಂದರೆ ೩೭.೭ ಟಿಎಂಸಿ, ಅದರ ಅಚ್ಚುಕಟ್ಟು ಎರಡು ಲಕ್ಷ ಹೆಕ್ಟೇರಿಗಿಂತ ಹೆಚ್ಚು. ಮುಗಿಲನ್ನೇ ನಂಬಿ ಕುಳಿತಿದ್ದ ನವಲಗುಂದ, ಅಣ್ಣಿಗೇರಿಗಳ ರೈತರಿಗೆ ಇದು ಸುವರ್ಣಯುಗದ ಆರಂಭವೆಂದೇ ತೋರಿದ್ದರೆ ಆಶ್ಚರ್ಯವಿಲ್ಲ.

ಮೊದಲ ಹೊಲ, ಕೊನೆಯ ಹೊಲ

ಆದರೆ ಅಷ್ಟು ವಿಶಾಲವಾದ ಭೂಮಿಗೆ ಈ ನೀರು ಸಾಲಬೇಕಾದರೆ ಬಹುಪಾಲು ಹೊಲಗಳಲ್ಲಿ ಜೋಳ, ಹತ್ತಿಗಳಂತಹ ಅಲ್ಪ ನೀರಿನ ಬೆಳೆಗಳೇ ಇರಬೇಕು. ಯೋಜನೆಯ ಲೆಕ್ಕವೂ ಇದೇ ಆಗಿದ್ದಿತು. ಜೋಳವು ಒಂದು ಬೆಳೆಗಾಲದಲ್ಲಿ ಸುಮಾರು ೪೫೦ರಿಂದ ೬೫೦ ಮಿಲಿಮೀಟರ್ ನೀರನ್ನು ಬೇಡುತ್ತದೆ. ಕಬ್ಬಿಗೆ ೧,೫೦೦ರಿಂದ ೨,೫೦೦ ಮಿಲಿಮೀಟರ್ ಬೇಕು. ಕಾಲುವೆಯ ತಲೆಭಾಗದಲ್ಲಿ ಒಬ್ಬನು ಒಂದು ಎಕರೆ ಕಬ್ಬು ನೆಟ್ಟರೆ, ಕೊನೆಯ ಭಾಗದಲ್ಲಿ ಮೂರು ನಾಲ್ಕು ಎಕರೆ ಜೋಳಕ್ಕೆ ಸಲ್ಲಬೇಕಾದ ನೀರು ಅಲ್ಲಿಯೇ ನಿಂತುಹೋಗುತ್ತದೆ. ಅದರ ಮೇಲೆ, ಜಲಾಶಯವು ಪ್ರತಿವರ್ಷವೂ ತುಂಬುವುದಿಲ್ಲ. ಹುಬ್ಬಳ್ಳಿ-ಧಾರವಾಡ ನಗರಕ್ಕೂ ಕುಡಿಯುವ ನೀರು ಇಲ್ಲಿಂದಲೇ ಹೋಗಬೇಕು.

ಫಲವೇನಾಯಿತು? ಸಾಕಷ್ಟು ನೀರು ಕಾಣದ ಹೊಲಗಳ ಮೇಲೂ ನೀರಾವರಿಯ ಅಭಿವೃದ್ಧಿ ಕರವು ಬಿದ್ದಿತು. ರೈತರ ಅಸಮಾಧಾನವು ಹೋರಾಟವಾಗಿ ಬೆಳೆಯಿತು. ೧೯೮೦ರ ಜುಲೈ ೨೧ರಂದು ನವಲಗುಂದದಲ್ಲಿಯೂ, ಆಗ ಧಾರವಾಡ ಜಿಲ್ಲೆಗೇ ಸೇರಿದ್ದ ನರಗುಂದದಲ್ಲಿಯೂ ಚಳವಳಿಯು ಗೋಲೀಬಾರಿನಲ್ಲಿ ಕೊನೆಗೊಂಡು ಜೀವಗಳು ಹೋದವು. ಅಣೆಕಟ್ಟು ಗಟ್ಟಿಯಾಗಿಯೇ ಇದ್ದಿತು, ಹಂಚಿಕೆಯು ಬಿರುಕುಬಿಟ್ಟಿತ್ತು.

ನೆಲವು ಬರೆದಿಟ್ಟ ಲೆಕ್ಕ

ಹೆಚ್ಚು ನೀರು ಪಡೆದವನಾದರೂ ಸುಖಿಯಾದನೇ? ಎರೆಮಣ್ಣಿನ ಸೂಕ್ಷ್ಮ ಕಣಗಳು ನೀರನ್ನು ಹೀರಿ ಉಬ್ಬುತ್ತವೆ. ಆಗ ನೀರು ಕೆಳಗೆ ಬಸಿಯುವುದು ಬಹಳ ನಿಧಾನ. ಅತಿಯಾಗಿ ಹಾಯಿಸಿದರೆ ಅಂತರ್ಜಲದ ಮಟ್ಟವು ಏರುತ್ತದೆ. ಅದು ನೆಲದಿಂದ ಒಂದೆರಡು ಮೀಟರಿನಷ್ಟು ಸಮೀಪಕ್ಕೆ ಬಂದಾಗ, ದೀಪದ ಬತ್ತಿಯು ಎಣ್ಣೆಯನ್ನು ಮೇಲೆಳೆಯುವಂತೆ ಮಣ್ಣಿನ ಸೂಕ್ಷ್ಮ ರಂಧ್ರಗಳು ನೀರನ್ನು ಮೇಲಕ್ಕೆಳೆಯುತ್ತವೆ. ಬಿಸಿಲಿಗೆ ನೀರು ಆವಿಯಾಗುವುದು. ಲವಣವು ನೆಲದ ಮೇಲೆಯೇ ಉಳಿಯುವುದು.

ಒಂದು ಲೆಕ್ಕ ಮಾಡಿ ನೋಡಿರಿ. ಲೀಟರಿಗೆ ಕೇವಲ ೦.೩ ಗ್ರಾಂ ಲವಣವಿರುವ ಸಿಹಿನೀರನ್ನು ಒಂದು ಎಕರೆಗೆ ಒಟ್ಟು ಒಂದು ಮೀಟರ್ ಆಳದಷ್ಟು ಹಾಯಿಸಿದೆವೆಂದು ಇಟ್ಟುಕೊಳ್ಳೋಣ. ಒಂದು ಎಕರೆಗೆ ೪,೦೪೭ ಚದರ ಮೀಟರ್. ಆದುದರಿಂದ ಹೊಲಕ್ಕೆ ಸೇರಿದ ಲವಣವು ಸುಮಾರು ೧,೨೦೦ ಕಿಲೋಗ್ರಾಂ! ಬಸಿಗಾಲುವೆಯಿಲ್ಲದಿದ್ದರೆ ಅದು ಎಲ್ಲಿಗೆ ಹೋದೀತು? ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಸವಳು-ಜವಳಾಗಿ ಕೆಟ್ಟ ಹೊಲಗಳು ಈ ಪ್ರಶ್ನೆಗೆ ಉತ್ತರ ಹೇಳುತ್ತವೆ.

ಬುದ್ಧಿವಂತ ಬಾಗಿಲುಗಳು

‘ಇವೆಲ್ಲ ಹಳೆಯ ಕಾಲದ ದೋಷಗಳು, ಹೊಸ ಯಂತ್ರಗಳು ಇವನ್ನು ಸರಿಪಡಿಸುವುವು’ ಎನ್ನಬಹುದು. ಇದರಲ್ಲಿ ಸತ್ಯಾಂಶವಿದೆ. ಕೃಷ್ಣಾ ನದಿಯ ನಾರಾಯಣಪುರ ಎಡದಂಡೆ ಕಾಲುವೆಯನ್ನು ಆಧುನೀಕರಿಸಿ, ದೂರದಿಂದಲೇ ಗಣಕಯಂತ್ರದ ಮೂಲಕ ನಡೆಯಿಸಬಹುದಾದ ಬಾಗಿಲುಗಳನ್ನು ಅಳವಡಿಸಲಾಗಿದೆ. ಈ ಕಾರ್ಯವು ೨೦೨೩ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಮಣ್ಣಿನ ತೇವವನ್ನು ಅಳೆಯುವ ಉಪಕರಣಗಳೂ, ಬೇರಿಗಷ್ಟೇ ನೀರುಣಿಸುವ ಹನಿ ನೀರಾವರಿಯೂ ಬಂದಿವೆ.

ಆದರೆ ೧೮೬೫ರಲ್ಲಿಯೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಒಂದು ವಿಚಿತ್ರವನ್ನು ಗುರುತಿಸಿದ್ದನು. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ದೇಶದ ಒಟ್ಟು ಕಲ್ಲಿದ್ದಲಿನ ಬಳಕೆಯು ಇಳಿಯಲಿಲ್ಲ, ಏರಿತು. ಕೆಲಸ ಅಗ್ಗವಾದುದರಿಂದ ಯಂತ್ರಗಳೇ ಹೆಚ್ಚಿದವು. ಹನಿ ನೀರಾವರಿಯಿಂದ ಉಳಿದ ನೀರಿನಲ್ಲಿ ಅದೇ ರೈತನು ಇನ್ನೆರಡು ಎಕರೆ ಕಬ್ಬು ನೆಟ್ಟರೆ ಕೊನೆಯ ಹೊಲಕ್ಕೆ ಬರುವುದೇನು? ಉಳಿತಾಯ ಮಾಡುವುದು ಯಂತ್ರದ ಕೆಲಸ. ಉಳಿದುದು ಯಾರದೆಂದು ನಿರ್ಣಯಿಸುವುದು ಮನುಷ್ಯರ ಕೆಲಸ.

ಹೊರಗಿನಿಂದ ನೀರು ತರುವುದಕ್ಕೂ ಈ ಮಾತು ಸಲ್ಲುತ್ತದೆ. ೨೦೧೮ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿಯು ಕಳಸಾ, ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಲು ಅನುಮತಿಸಿದುದು ೩.೯ ಟಿಎಂಸಿ, ಅದೂ ಕುಡಿಯುವ ನೀರಿಗಾಗಿ. ಬಾಯಾರಿದ ಊರುಗಳಿಗೆ ಇದು ಅಮೂಲ್ಯ. ಆದರೂ ಜಲಾಶಯದ ಸಾಮರ್ಥ್ಯದ ಹತ್ತನೆಯ ಒಂದು ಪಾಲಿನಷ್ಟಿರುವ ಈ ನೀರು ಹಂಚಿಕೆಯ ಪ್ರಶ್ನೆಯನ್ನು ಅಳಿಸಲಾರದು.

ಕೆರೆಯ ಕಟ್ಟಳೆ

ಹಾಗಾದರೆ ಲೋಭವು ಅಜೇಯವೇ? ಅಲ್ಲವೆಂಬುದಕ್ಕೆ ಸಾಕ್ಷಿಯೂ ಇದೇ ನಾಡಿನಲ್ಲಿದೆ. ನವಲಗುಂದದ ಸೀಮೆಯಲ್ಲಿ ಅಂತರ್ಜಲವು ಬಹುಕಡೆ ಉಪ್ಪು. ಅದರಿಂದ ಊರ ಕೆರೆಯೇ ಕುಡಿಯುವ ನೀರಿನ ಆಸರೆ. ಅಂತಹ ಕೆರೆಯಲ್ಲಿ ಬಟ್ಟೆ ಒಗೆಯಬಾರದು, ದನಗಳ ಮೈ ತೊಳೆಯಬಾರದು. ಕಾಲ್ಮರಿ ಕಳಚಿಟ್ಟು ನೀರಿಗಿಳಿಯುವ ರೂಢಿ ಹಲವು ಊರುಗಳಲ್ಲುಂಟು. ಇಂದು ಅನೇಕ ಕೆರೆಗಳನ್ನು ತುಂಬಿಸುವುದು ಕಾಲುವೆಯ ನೀರಿನಿಂದಲೇ. ಅದೇ ಜನ, ಅದೇ ನೀರು. ಕಾಲುವೆಯಲ್ಲಿ ಪೈಪೋಟಿ, ಕೆರೆಯಲ್ಲಿ ಸಂಯಮ!

ಕಾರಣವನ್ನು ಹುಡುಕೋಣ. ಕೆರೆಯು ಎಲ್ಲರ ಕಣ್ಣೆದುರಿಗಿದೆ. ತಪ್ಪು ಮಾಡಿದವನು ಕೂಡಲೇ ತಿಳಿಯುತ್ತಾನೆ. ಕಟ್ಟಳೆಯು ಊರವರದೇ. ಕೆಡಿಸಿದವನು ನಾಳೆ ಅದನ್ನೇ ಕುಡಿಯಬೇಕು. ಕಾಲುವೆಯಲ್ಲಾದರೋ ಮೇಲಿನವನಿಗೆ ಕೆಳಗಿನವನು ಕಾಣನು. ಮುಂದಿನ ಸರದಿಯ ನೀರು ಬಂದೀತೆಂಬ ಭರವಸೆಯೂ ಇಲ್ಲದಿರುವಾಗ, ಇಂದೇ ಹೆಚ್ಚು ಹಾಯಿಸಿಕೊಳ್ಳುವವನಲ್ಲಿ ಲೋಭದಷ್ಟೇ ಭಯವೂ ಇರುತ್ತದೆ. ಅಮೆರಿಕದ ವಿದುಷಿ ಎಲಿನಾರ್ ಆಸ್ಟ್ರಮ್ ನೀರಾವರಿ, ಹುಲ್ಲುಗಾವಲು, ಮೀನುಗಾರಿಕೆಗಳ ಸಮುದಾಯಗಳನ್ನು ಅಭ್ಯಸಿಸಿ, ಬಳಸುವವರೇ ನಿಯಮ ಮಾಡಿ, ತಾವೇ ಕಾವಲಿದ್ದು, ತಪ್ಪಿಗೆ ತಕ್ಕ ದಂಡ ವಿಧಿಸಿಕೊಂಡ ಕಡೆಗಳಲ್ಲಿ ಸಾಮಾನ್ಯ ಸಂಪತ್ತು ಬಾಳಿ ಬಂದುದನ್ನು ತೋರಿಸಿದರು. ಅವರಿಗೆ ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಭವಿಷ್ಯದ ಯಂತ್ರಗಳಿಗೆ ಇಲ್ಲಿ ನಿಜವಾದ ಕೆಲಸವುಂಟು. ಅವು ಲೋಭವನ್ನು ಮನಸ್ಸಿನಿಂದ ಕೀಳಲಾರವು. ಆದರೆ ಕಾಲುವೆಯನ್ನು ಕೆರೆಯಂತೆ ಎಲ್ಲರಿಗೂ ಕಾಣುವಂತೆ ಮಾಡಬಲ್ಲವು. ಪ್ರತಿಯೊಂದು ಬಾಗಿಲಿನಲ್ಲಿ ಹರಿದ ನೀರಿನ ಅಳತೆಯು ಪಂಚಾಯತಿಯ ಗೋಡೆಯ ಮೇಲೆ ದಿನವೂ ತೋರಿದರೆ ಕದಿಯುವವನಿಗೆ ಮರೆಯಿಲ್ಲ, ಸರದಿಗೆ ಕಾಯುವವನಿಗೆ ಭಯವಿಲ್ಲ. ಅದೇ ಅಳತೆಯು ಕಚೇರಿಯೊಂದರ ಒಳಕೋಣೆಯಲ್ಲಿಯೇ ಉಳಿದರೆ, ಹಿಂದೆ ಬಾಗಿಲಿನ ಕೀಲಿ ಹಿಡಿದವನಿಗಿದ್ದ ಅಧಿಕಾರವು ಗಣಕಯಂತ್ರದ ಮುಂದೆ ಕುಳಿತವನಿಗೆ ಹೋದೀತು, ಅಷ್ಟೇ. ಅಚ್ಚುಕಟ್ಟಿನ ಊರುಗಳಲ್ಲಿರುವ ನೀರು ಬಳಕೆದಾರರ ಸಹಕಾರ ಸಂಘಗಳು ಬಲಗೊಳ್ಳಬೇಕಾದುದು ಈ ಕಾರಣದಿಂದಲೇ.

ಓದುಗರಲ್ಲಿ ಅಚ್ಚುಕಟ್ಟಿನ ಊರಿನವರಿದ್ದರೆ ಒಂದು ಕೆಲಸ ಮಾಡಬಹುದು. ನಿಮ್ಮ ಹೊಲಗಾಲುವೆಯಲ್ಲಿ ಮೊದಲ ಹೊಲಕ್ಕೂ ಕೊನೆಯ ಹೊಲಕ್ಕೂ ಈ ಹಂಗಾಮಿನಲ್ಲಿ ಎಷ್ಟು ದಿನ ನೀರು ಬಂದಿತೆಂದು ಕೇಳಿ ಬರೆದುಕೊಳ್ಳಿರಿ. ಎರಡು ಅಂಕಿಗಳ ನಡುವಣ ಅಂತರವನ್ನು ಊರ ಸಭೆಯಲ್ಲಿ ಓದಿ ಹೇಳಿರಿ. ಯಾವ ಯಂತ್ರಕ್ಕೂ ಕಾಯದೆ ಇಂದೇ ಮಾಡಬಹುದಾದ ಅಳತೆಯಿದು.