ದಂಟಿನಿಂದ ಬಸ್ಸು ಓಡೀತೇ?

ಅಕ್ಕಂದಿರೇ, ತಿಳವಳ್ಳಿಯಿಂದ ಹಾನಗಲ್ಲಿಗೆ ಹೋಗೋ ಬಸ್ಸು ಡೀಸೆಲ್ ಕುಡೀತದೆ, ಹೊಗೆ ಬಿಡ್ತದೆ. ಹೊಗೆ ಬಿಡದ ಬಸ್ಸೂ ಇದೆ. ಅದು ಹೈಡ್ರೋಜನ್ ಅನಿಲದ ಬಸ್ಸು. ಈ ಅನಿಲ ಗಾಳಿಯೊಳಗಿನ ಆಮ್ಲಜನಕದ ಜೊತೆ ಸೇರಿದಾಗ ಕರೆಂಟು ಹುಟ್ತದೆ. ಗಾಲಿ ತಿರುಗ್ತದೆ. ಹೊರಗೆ ಬರೋದು ಬರೀ ನೀರು, ಹಬೆ. 2023ರಲ್ಲಿ ದೆಹಲಿಯಲ್ಲಿ ಇಂಥ ಬಸ್ಸು ಓಡಿಸಿ ನೋಡಿದರು.

ಈ ಅನಿಲವನ್ನು ಹೊಲದ ಒಣ ಕಸದಿಂದಲೂ ತೆಗೀಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದನ್ನು 2022ರಲ್ಲಿ ತಿಳಿಸಿದರು. ಕಸಕ್ಕೆ ಆಮ್ಲಜನಕ, ಹಬೆ ಕೊಟ್ಟು ಕಾಯಿಸ್ತಾರೆ. 1 ಕಿಲೋ ಕಸಕ್ಕೆ 100 ಗ್ರಾಂ ಹೈಡ್ರೋಜನ್ ಸಿಗ್ತದೆ.

ಹಾಗಾದರೆ ನಮ್ಮ ಗೋವಿನಜೋಳದ ದಂಟಿಗೆ ಬೆಲೆ ಬಂತೇ? ಇನ್ನೂ ಇಲ್ಲ. ಈ ಅನಿಲ ಬಹಳ ಹಗುರ. ಅದನ್ನು ಒತ್ತಿ ಒತ್ತಿ ಗಟ್ಟಿ ಟ್ಯಾಂಕಿಗೆ ತುಂಬಬೇಕು. ಅದಕ್ಕೆ ಬೇರೆ ಬಂಕೇ ಬೇಕು. ಖರ್ಚು ಬಹಳ. ಬಸ್ಸು ಇಲ್ಲದೆ ಬಂಕ್ ನಡೆಯದು. ಬಂಕ್ ಇಲ್ಲದೆ ಬಸ್ಸು ಕೊಳ್ಳುವವರಿಲ್ಲ. ಹಸಿರು ಹೈಡ್ರೋಜನ್ ಬೆಳೆಸಲು ಕೇಂದ್ರ ಸರಕಾರ 2023ರಲ್ಲಿ 19,744 ಕೋಟಿ ರೂಪಾಯಿಯ ಯೋಜನೆ ಒಪ್ಪಿತು.

ನಾಳೆ ಯಾರಾದರೂ ಬಂದು, "ದಂಟು ಕೊಳ್ತೀವಿ, ಮೊದಲು ನೀವು ಹಣ ಕಟ್ಟಿ" ಅಂದರೆ? ಕಟ್ಟಬಾರದು. ಕೊಳ್ಳುವವರು ಹಣ ಕೊಡಬೇಕು, ಕೇಳಬಾರದು. ದನದ ಮೇವು ಮೊದಲು, ಮಾರಾಟ ಆಮೇಲೆ. ಕಾಗದ ಓದದೆ ಸಹಿ ಹಾಕಬಾರದು. ಈಗ ನಮಗೆ ಓದು ಬರ್ತದೆ.

ಲೆಕ್ಕ ಮಾಡೋಣ: 10 ಕಿಲೋ ಕಸಕ್ಕೆ ಎಷ್ಟು ಹೈಡ್ರೋಜನ್?