ಪವರ್ ಒಂದು, ಅರ್ಥ ಹಲವು

ಮಕ್ಕಳೇ, ಈ ಮಾತುಗಳನ್ನು ನೀವು ಕೇಳಿಯೇ ಇರುತ್ತೀರಿ.

"ಪವರ್ ಹೋಯ್ತು, ಮೋಟಾರು ನಿಂತಿತು."
"ಅಜ್ಜಿಯ ಕನ್ನಡಕದ ಪವರ್ ಬದಲಾಗಿದೆಯಂತೆ."
"ಈ ಮಾತ್ರೆಗೆ ಪವರ್ ಜಾಸ್ತಿ, ಊಟ ಮಾಡಿ ನುಂಗು."
"ಈಗ ಪವರ್ ಅವರ ಪಕ್ಷದ ಕೈಯಲ್ಲಿದೆ."
"ಎರಡರ ಪವರ್ ಐದು ಎಷ್ಟು?"

ಐದು ಮಾತುಗಳಲ್ಲೂ ಪವರ್ ಇದೆ. ಆದರೆ ಅರ್ಥ ಒಂದೇ ಅಲ್ಲ. ಈ ಇಂಗ್ಲಿಷ್ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಫ್ರೆಂಚ್ ಭಾಷೆಯ ಮೂಲಕ ಅದು ಇಂಗ್ಲಿಷಿಗೆ ಬಂತು. 'ಮಾಡಲು ಸಾಧ್ಯವಾಗುವುದು' ಎಂಬುದು ಅದರ ಮೂಲ ಅರ್ಥ. ಆಡಳಿತ ನಡೆಸಲು ಸಾಧ್ಯವಾಗಿಸುವ ಅಧಿಕಾರಕ್ಕೂ ಪವರ್ ಎನ್ನುವುದು ಹೀಗೆಯೇ. ವಿಜ್ಞಾನ ಮತ್ತು ಗಣಿತದಲ್ಲಿ ಮಾತ್ರ ಈ ಪದಕ್ಕೆ ಖಚಿತವಾದ, ಬೇರೆ ಬೇರೆ ಅರ್ಥಗಳಿವೆ. ಒಂದೊಂದಾಗಿ ನೋಡೋಣ.

ಕೆಲಸದ ಪವರ್

ವಿಜ್ಞಾನದಲ್ಲಿ ಪವರ್ ಎಂದರೆ ಸಾಮರ್ಥ್ಯ. ಒಂದು ಸೆಕೆಂಡಿನಲ್ಲಿ ಎಷ್ಟು ಕೆಲಸ ನಡೆಯಿತು ಎಂಬುದರ ಅಳತೆ ಇದು.

ತಲಾ 30 ಕಿಲೋಗ್ರಾಂ ತೂಕದ ಇಬ್ಬರು ಗೆಳತಿಯರು 3 ಮೀಟರ್ ಎತ್ತರದ ಮೆಟ್ಟಿಲು ಹತ್ತುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬಳಿಗೆ 6 ಸೆಕೆಂಡು ಸಾಕು, ಇನ್ನೊಬ್ಬಳಿಗೆ 15 ಸೆಕೆಂಡು ಬೇಕು. ಗುರುತ್ವವನ್ನು ಸುಮಾರು 10 ಎಂದು ಹಿಡಿದರೆ, ಇಬ್ಬರೂ ಮಾಡಿದ ಕೆಲಸ 30 × 10 × 3 = 900 ಜೂಲ್. ಕೆಲಸ ಸಮ, ಸಾಮರ್ಥ್ಯ ಸಮವಲ್ಲ. ಮೊದಲನೆಯವಳದು 900 ÷ 6 = 150 ವ್ಯಾಟ್, ಎರಡನೆಯವಳದು 900 ÷ 15 = 60 ವ್ಯಾಟ್.

ವ್ಯಾಟ್ ಎಂಬ ಹೆಸರು ಬಂದದ್ದು ಉಗಿಯಂತ್ರವನ್ನು ಸುಧಾರಿಸಿದ ಸ್ಕಾಟ್ಲೆಂಡಿನ ಜೇಮ್ಸ್ ವ್ಯಾಟ್ (1736–1819) ಅವರಿಂದ. ತಮ್ಮ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಆ ಅಶ್ವಸಾಮರ್ಥ್ಯವೇ ಇಂದಿಗೂ ಪಂಪ್‌ಸೆಟ್ಟಿನ ಮೇಲೆ ಕಾಣುವ 'ಎಚ್‌ಪಿ'. ಒಂದು ಎಚ್‌ಪಿ ಎಂದರೆ ಸುಮಾರು 746 ವ್ಯಾಟ್.

ಕರೆಂಟಿನ ಪವರ್

1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ನಮ್ಮ ನಾಡಿನಲ್ಲಿ 'ಪವರ್' ಎಂದರೆ ವಿದ್ಯುತ್ತು ಎಂಬ ಬಳಕೆ ಇಂದು ಮನೆಮಾತಾಗಿದೆ. ಆದರೆ ಮನೆಗೆ ಬರುವ ಬಿಲ್ಲನ್ನು ಗಮನಿಸಿ. ಅಲ್ಲಿ ಲೆಕ್ಕ ಹಾಕುವ 'ಯೂನಿಟ್' ಸಾಮರ್ಥ್ಯವಲ್ಲ, ಶಕ್ತಿ. 1000 ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ಟಿನಲ್ಲಿ 111 ಗಂಟೆ ಉರಿಯುತ್ತದೆ. ಸುಮಾರು ಅಷ್ಟೇ ಬೆಳಕು ಕೊಡುವ 60 ವ್ಯಾಟಿನ ಹಳೆಯ ಬಲ್ಬು 17 ಗಂಟೆಯೊಳಗೇ ಅದನ್ನು ಮುಗಿಸುತ್ತದೆ. ಪವರ್ ಹೆಚ್ಚಿದ್ದರೆ ಬೆಳಕೂ ಹೆಚ್ಚು ಎನ್ನುವಂತಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಕನ್ನಡಕದ ಪವರ್

ಇಲ್ಲಿ ಕರೆಂಟೂ ಇಲ್ಲ, ಸೆಕೆಂಡಿನ ಲೆಕ್ಕವೂ ಇಲ್ಲ. ಮಸೂರವು ಬೆಳಕಿನ ಕಿರಣಗಳನ್ನು ಎಷ್ಟು ಬಾಗಿಸುತ್ತದೆ ಎಂಬುದೇ ಅದರ ಪವರ್. ಇದರ ಮಾನ ಡಯಾಪ್ಟರ್. 1 ಅನ್ನು ಮೀಟರಿನಲ್ಲಿ ಅಳೆದ ಸಂಗಮ ದೂರದಿಂದ ಭಾಗಿಸಿದರೆ ಪವರ್ ಸಿಗುತ್ತದೆ. ಪೀನ ಮಸೂರಕ್ಕೆ ಪ್ಲಸ್, ನಿಮ್ನ ಮಸೂರಕ್ಕೆ ಮೈನಸ್ ಚಿಹ್ನೆ.

ನೀವೇ ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಹತ್ತಿರದ ಓದಿಗೆ ಮಾತ್ರ ಬಳಸುವ ಹಿರಿಯರ ಕನ್ನಡಕ, ಬಿಳಿ ಹಾಳೆ, ಅಳತೆ ಟೇಪು.

ವಿಧಾನ: ಕಿಟಕಿಗೆ ಎದುರಾದ ಗೋಡೆಗೆ ಹಾಳೆ ಅಂಟಿಸಿ. ಕೋಣೆಯ ದೀಪ ಆರಿಸಿ. ಕನ್ನಡಕವನ್ನು ಹಾಳೆಯ ಮುಂದೆ ಹಿಡಿದು ನಿಧಾನವಾಗಿ ಹಿಂದೆ ಮುಂದೆ ಸರಿಸಿ. ಹೊರಗಿನ ದೂರದ ಮರ ಹಾಳೆಯ ಮೇಲೆ ತಲೆಕೆಳಗಾಗಿ ಸ್ಪಷ್ಟವಾಗಿ ಮೂಡಿದಾಗ ನಿಲ್ಲಿಸಿ. ಮಸೂರದಿಂದ ಹಾಳೆಗೆ ಇರುವ ದೂರವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. 100 ಅನ್ನು ಆ ದೂರದಿಂದ ಭಾಗಿಸಿ. 50 ಸೆಂ.ಮೀ. ಬಂದರೆ ಪವರ್ +2, 40 ಸೆಂ.ಮೀ. ಬಂದರೆ +2.5.

ಎಚ್ಚರಿಕೆ: ಮಸೂರದ ಮೂಲಕ ಸೂರ್ಯನನ್ನು ಎಂದಿಗೂ ನೋಡಬೇಡಿ.

ಮೈನಸ್ ಪವರಿನ ಕನ್ನಡಕದಿಂದ ಹಾಳೆಯ ಮೇಲೆ ಚಿತ್ರ ಮೂಡದು. ಏಕೆ? ಯೋಚಿಸಿ.

ಪವರ್ ಎಂಬುದು ಕಣ್ಣಿನ ಬಲವೂ ಅಲ್ಲ, ಕಾಯಿಲೆಯ ಹೆಸರೂ ಅಲ್ಲ. ಅದು ಮಸೂರದ ಅಳತೆ ಮಾತ್ರ. "ಈ ವಯಸ್ಸಿಗೇ ಕನ್ನಡಕ ಹಾಕಿದರೆ ಪವರ್ ಏರುತ್ತದೆ" ಎಂದು ಕೆಲವು ಮನೆಗಳಲ್ಲಿ ಮಕ್ಕಳ ಕನ್ನಡಕವನ್ನು ತೆಗೆದಿಡುತ್ತಾರೆ. ಇದು ಸರಿಯಲ್ಲ. ಪರೀಕ್ಷೆ ಮಾಡಿಸಿ ಪಡೆದ ಕನ್ನಡಕ ಕಣ್ಣನ್ನು ಕೆಡಿಸುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಕಣ್ಣೂ ಬೆಳೆಯುವುದರಿಂದ ಅಳತೆ ಬದಲಾಗಬಹುದು, ಅಷ್ಟೆ. ಕನ್ನಡಕವಿಲ್ಲದ ಮಗುವಿಗೆ ಮಾತ್ರ ಕಪ್ಪುಹಲಗೆಯ ಅಕ್ಷರ ಕಾಣದೆ ಪಾಠವೇ ತಪ್ಪಿಹೋಗುತ್ತದೆ.

ಮಾತ್ರೆಯ ಪವರ್

ಮಾತ್ರೆಯ ಹಾಳೆಯ ಮೇಲಿರುವ ಅಂಕಿ ಅದರಲ್ಲಿರುವ ಔಷಧಿಯ ತೂಕ. ಪ್ಯಾರಾಸಿಟಮಾಲ್ 500 ಎಂದರೆ 500 ಮಿಲಿಗ್ರಾಂ ಔಷಧಿ. ಅದೇ ಔಷಧಿಯ 650ರ ಮಾತ್ರೆಯಲ್ಲಿ ಹೆಚ್ಚು ಔಷಧಿ ಇದೆ ಎನ್ನಬಹುದು. ಬೇರೆ ಬೇರೆ ಔಷಧಿಗಳನ್ನು ಹೀಗೆ ಹೋಲಿಸಬಾರದು. ಜಂತುಹುಳು ನಿವಾರಣೆಗೆ ಶಾಲೆಯಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆ 400 ಮಿಲಿಗ್ರಾಂ. ಥೈರಾಯ್ಡ್ ಮಾತ್ರೆಯಲ್ಲಿ ಔಷಧಿ ಇರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಅಂದರೆ ಮಿಲಿಗ್ರಾಂನ ಸಾವಿರದಲ್ಲೊಂದು ಪಾಲು. ಅಂಕಿ ಚಿಕ್ಕದೆಂದು ಮಾತ್ರೆ ದುರ್ಬಲವಲ್ಲ. ಆದ್ದರಿಂದ "ಪವರ್ ಕಡಿಮೆ, ಎರಡು ನುಂಗು" ಎಂಬ ಮಾತಿಗೆ ಕಿವಿಗೊಡಬೇಡಿ. ಪ್ರಮಾಣವನ್ನು ಹೇಳಬೇಕಾದವರು ವೈದ್ಯರು.

ಗಣಿತದ ಪವರ್

ಇದು ಘಾತ. 2 × 2 × 2 × 2 × 2 = 32. ಎರಡನ್ನು ಐದು ಸಲ ಬರೆದು ಗುಣಿಸಿದ್ದರಿಂದ 32 ಎಂಬುದು ಎರಡರ ಐದನೆಯ ಘಾತ.

ನೆನಪಿಡಿ

ಕೆಲಸ, ಯಂತ್ರ – ಸಾಮರ್ಥ್ಯ – ವ್ಯಾಟ್
ಮಸೂರ – ಬೆಳಕು ಬಾಗಿಸುವ ಅಳತೆ – ಡಯಾಪ್ಟರ್
ಮಾತ್ರೆ – ಔಷಧಿಯ ಪ್ರಮಾಣ – ಮಿಲಿಗ್ರಾಂ, ಮೈಕ್ರೋಗ್ರಾಂ
ಗಣಿತ – ಘಾತ – ಮಾನವಿಲ್ಲ
ಆಡಳಿತ – ಅಧಿಕಾರ – ಮಾನವಿಲ್ಲ

ಪವರ್ ಎಂಬ ಪದ ಕೇಳಿದಾಗ "ಯಾವುದರ ಪವರ್? ಯಾವ ಮಾನದಲ್ಲಿ?" ಎಂಬ ಎರಡು ಪ್ರಶ್ನೆ ಕೇಳಿಕೊಳ್ಳಿ. ಅರ್ಥ ತಾನಾಗಿ ಸ್ಪಷ್ಟವಾಗುತ್ತದೆ.

ಉತ್ತರಿಸಿ

1. 5 ಎಚ್‌ಪಿ ಎಂದರೆ ಎಷ್ಟು ವ್ಯಾಟ್?
2. ಸಂಗಮ ದೂರ 25 ಸೆಂ.ಮೀ. ಇರುವ ಪೀನ ಮಸೂರದ ಪವರ್ ಎಷ್ಟು?
3. 'ಸೆಲ್' ಎಂಬ ಪದಕ್ಕೆ ಎಷ್ಟು ಅರ್ಥಗಳಿವೆ? ಮನೆಯವರನ್ನೂ ಕೇಳಿ ಪಟ್ಟಿ ಮಾಡಿ.

ಶಿಕ್ಷಕರಿಗೆ: ಹಲಗೆ ಕಾಣದೆ ಪಕ್ಕದವರ ಪುಸ್ತಕ ನೋಡಿ ಬರೆಯುವ, ಕಣ್ಣು ಕಿರಿದು ಮಾಡಿ ನೋಡುವ ಮಕ್ಕಳನ್ನು ಗುರುತಿಸಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಕ್ಕೆ ಅವರನ್ನು ತೋರಿಸಿ. ಪೋಷಕರಿಗೆ ಕನ್ನಡಕದ ಪವರ್ ಎಂದರೇನು ಎಂಬುದನ್ನು ಈ ಚಟುವಟಿಕೆಯ ಮೂಲಕವೇ ತಿಳಿಸಬಹುದು.