ಕುಡಿಯದವರ ಲಿವರಿನಲ್ಲಿ ಕೊಬ್ಬೇಕೆ?



ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿದಾಗ ವರದಿಯಲ್ಲಿ 'ಫ್ಯಾಟಿ ಲಿವರ್' ಎಂಬ ಮಾತು ಕಾಣಿಸಿಕೊಳ್ಳುತ್ತದೆ. "ಕದ್ದುಮುಚ್ಚಿ ಕುಡಿಯುತ್ತಿರಬಹುದೇ?" ಎಂಬ ಸಂಶಯ ಕೆಲವು ಮನೆಗಳಲ್ಲಿ ಮೂಡುತ್ತದೆ. ಇನ್ನು ಕೆಲವರು "ಸ್ವಲ್ಪ ಕೊಬ್ಬು ತಾನೇ" ಎಂದು ವರದಿಯನ್ನು ಮಡಚಿಡುತ್ತಾರೆ. ಸಂಶಯವೂ ಸಲ್ಲದು, ಉದಾಸೀನವೂ ಸಲ್ಲದು. ಮದ್ಯ ಮುಟ್ಟದವರಲ್ಲೂ ಈ ಕೊಬ್ಬು ಸೇರುತ್ತದೆ. ಅನೇಕರಲ್ಲಿ ಅದು ಸಕ್ಕರೆ ಕಾಯಿಲೆಯ ಮುನ್ನೆಚ್ಚರಿಕೆ.

ಇದು ಹೇಗೆ? ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಕೂಡಿಡುತ್ತಿದ್ದರು. ಲಿವರ್ ನಮ್ಮ ದೇಹದ ಹಗೇವು. ಊಟದ ನಂತರ ಸಕ್ಕರೆಯನ್ನು ಕೂಡಿಟ್ಟು, ರಾತ್ರಿ ನಾವು ಮಲಗಿದಾಗ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಎಷ್ಟು ಇಡಬೇಕು, ಎಷ್ಟು ಬಿಡಬೇಕು ಎಂದು ಅಪ್ಪಣೆ ಕೊಡುವುದು ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್. ಆದರೆ ಈ ಹಗೇವು ಹಿಡಿಯುವುದು ಸುಮಾರು 100 ಗ್ರಾಂ ಮಾತ್ರ. ತುಂಬಿದ ಮೇಲೂ ಸುರಿದರೆ ಮಿಕ್ಕಿದ್ದು ಕೊಬ್ಬಾಗುತ್ತದೆ. ಈ ಕೊಬ್ಬು ಶೇ. 5ನ್ನು ಮೀರಿದರೆ ಅದೇ ಫ್ಯಾಟಿ ಲಿವರ್.

ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ನಿನ ಅಪ್ಪಣೆಗೆ ಕಿವಿಗೊಡುವುದಿಲ್ಲ. ಇದನ್ನೇ ವೈದ್ಯರು ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. "ಸಾಕು" ಎಂದರೂ ಅದು ಸಕ್ಕರೆ ಬಿಡುತ್ತಲೇ ಇರುತ್ತದೆ. ಆದ್ದರಿಂದ ಬೆಳಗಿನ ಬರಿಹೊಟ್ಟೆಯಲ್ಲೂ ರಕ್ತದ ಸಕ್ಕರೆ ಏರುತ್ತದೆ. ಅದನ್ನು ತಗ್ಗಿಸಲು ಮೇದೋಜೀರಕವು ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚಿನ ಇನ್ಸುಲಿನ್ನೇ ಲಿವರಿನಲ್ಲಿ ಮತ್ತಷ್ಟು ಕೊಬ್ಬನ್ನು ಕಟ್ಟುತ್ತದೆ. ಹೀಗೆ ಪರಿಣಾಮವೇ ಮತ್ತೆ ಕಾರಣವಾಗುತ್ತದೆ. ವರ್ಷಗಳ ಕಾಲ ಹೀಗೇ ನಡೆದು ಮೇದೋಜೀರಕ ದಣಿದಾಗ ಎರಡನೇ ಬಗೆಯ ಮಧುಮೇಹ ಕಾಲಿಡುತ್ತದೆ.

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹೊಲಗಳಲ್ಲಿ, ಶಹಾಬಾದಿನ ಕಲ್ಲುಗಣಿಗಳಲ್ಲಿ ದುಡಿದ ಮೈಗೆ ತಾಟುತುಂಬ ಊಟ ಬೇಕಿತ್ತು. ವಾಡಿಯಂತಹ ಸಿಮೆಂಟಿನ ಊರಿನಲ್ಲಿ ಕುರ್ಚಿಯ ಮೇಲೆ ಕುಳಿತು ದುಡಿಯುವ ಮಗನಿಗೂ ಅಷ್ಟೇ ಬಡಿಸಿ, ಮೇಲೆ ಸಕ್ಕರೆ ಚಹಾ, ಭಜಿ, ತಂಪು ಪಾನೀಯ ಸೇರಿಸಿದರೆ ಅದು ಎಲ್ಲಿಗೆ ಹೋಗಬೇಕು? ತೆಳ್ಳಗಿದ್ದೇನೆಂದು ನಿಶ್ಚಿಂತರಾಗುವಂತಿಲ್ಲ. ನಮ್ಮ ದೇಶದವರಲ್ಲಿ ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರ ಅಗತ್ಯ.

ಆದರೂ ನಿರಾಶೆ ಬೇಡ, ಕೊಬ್ಬು ಕರಗಬಲ್ಲದು. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ಮಂದಿ ಮಧುಮೇಹಿಗಳು ವೈದ್ಯರ ಕಣ್ಗಾವಲಿನಲ್ಲಿ ಕಟ್ಟುನಿಟ್ಟಿನ ಮಿತಾಹಾರ ಪಾಲಿಸಿದರು. ಒಂದೇ ವಾರದಲ್ಲಿ ಅವರ ಬರಿಹೊಟ್ಟೆಯ ಸಕ್ಕರೆ ಸಹಜ ಮಟ್ಟಕ್ಕಿಳಿಯಿತು. ಲಿವರಿನ ಕೊಬ್ಬೂ ತಗ್ಗಿತು. ಸಾಮಾನ್ಯವಾಗಿ ತೂಕ ಶೇ. 7ರಿಂದ 10ರಷ್ಟು ಇಳಿದರೆ ಲಿವರ್ ಚೇತರಿಸಿಕೊಳ್ಳುತ್ತದೆ. 80 ಕಿಲೋ ತೂಗುವವರಿಗೆ ಇದು ಆರರಿಂದ ಎಂಟು ಕಿಲೋ.

ಹಾಗಾದರೆ ಏನು ಮಾಡಬೇಕು? ರೊಟ್ಟಿಯನ್ನೂ ಅನ್ನವನ್ನೂ ಒಂದೇ ಊಟದಲ್ಲಿ ತುಂಬಬೇಡಿ; ತೊಗರಿಬೇಳೆ, ಮೊಳಕೆಕಾಳು, ಪುಂಡಿಪಲ್ಯ ಹೆಚ್ಚಿರಲಿ. ಚಹಾದ ಸಕ್ಕರೆ ಕಡಿಮೆ ಮಾಡಿ. ದಿನಾಲು ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮದ್ಯ ಬೇಡವೇ ಬೇಡ. ಫ್ಯಾಟಿ ಲಿವರ್ ಇದ್ದವರು ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ. ಬರಿಹೊಟ್ಟೆಯಲ್ಲಿ 100ರಿಂದ 125 ಬಂದರೆ ತಿದ್ದಿಕೊಳ್ಳಲು ಇನ್ನೂ ಕಾಲವಿದೆ. ಈಗಾಗಲೇ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು.

ಒಬ್ಬರಿಗೆ ಮಾತ್ರ ಪಥ್ಯ ಹಾಕಿ ಉಳಿದವರು ಅವರೆದುರೇ ಜಿಲೇಬಿ ತಿಂದರೆ ಆ ಪಥ್ಯ ಎಷ್ಟು ದಿನ ಉಳಿದೀತು? ಮನೆಯವರೆಲ್ಲರ ತಾಟೂ ಒಂದೇ ಆಗಲಿ.